ಪ್ರತಿಕ್ರಿಯೆ: ತಿಮಿಂಗಿಲ ಶಾರ್ಕ್ ಫೋಟೊ ಹೊಂದವಲ್ದು ಅಂದ್ರ
ನೀವು ಮಾಲ್ಡೀವ್ಸ್‌ದಾಗ ತಗದ ತಿಮಿಂಗಿಲ ಶಾರ್ಕ್ ಫೋಟೊ ಶಾರ್ಕ್‌ಬುಕ್‌ನ್ಯಾಗ (ಮೈಮ್ಯಾಲಿನ ಚುಕ್ಕಿ ಹೋಲಿಸಿ ಒಂದೊಂದು ಶಾರ್ಕ್ ಗುರುತಿಸೋ ಆನ್‌ಲೈನ್ ದಾಖಲೆ) ಯಾವ ಮೀನಿಗೂ ಹೊಂದವಲ್ದು ಅಂದ್ರ, ಬಹುಶಃ ಬಲಮಗ್ಗಲದ್ದು ಹಾಕೀರಿ. ಎರಡೂ ಮಗ್ಗಲದ ಚುಕ್ಕಿ ಒಂದೇ ನಮೂನಿ ಇರಂಗಿಲ್ಲ, ಹೋಲಿಸೋದು ಹೆಚ್ಚಾಗಿ ಎಡಮಗ್ಗಲದ್ದು. ಮೊದಲ ಎಡಗಡೆ ಫೋಟೊ ಹುಡುಕ್ರಿ. ಐದನೇ ಕಿವಿರಿನ ಸೀಳಿನಿಂದ ಎದೆರೆಕ್ಕೆಯ ಹಿಂದಿನ ತುದಿಯ ನೇರಕ್ಕ ಮ್ಯಾಲಿನ ಜಾಗದ ತನಕ ಚುಕ್ಕಿ ಸ್ವಚ್ಛ ಕಾಣ್ಬೇಕು. ವಿಡಿಯೊ ಇದ್ರ ಮೀನು ಅಡ್ಡ ಹಾಯೋ ಫ್ರೇಮ್ ತಗೀರಿ. ಬಲಗಡೆದನ್ನ ಕನ್ನಡಿಯಂಗ ತಿರುವಿ ಎಡಗಡೆದು ಅಂತ ಹಾಕಬ್ಯಾಡ್ರಿ, ಇಲ್ಲದ ಮೀನು ಹುಟ್ಟಿಸಿದಂಗಾಗ್ತದ!

ವಾಟ್ಸಾಪ್‌ನ್ಯಾಗ ಬಂದದ್ದು ಬ್ಯಾಡ, ಕ್ಯಾಮೆರಾದ ಮೂಲ ಫೈಲೇ ಹಾಕ್ರಿ. ಸ್ಥಳ ಅಂದಲ್ಲಿ ಮೀನು ಕಂಡ ದ್ವೀಪ ಬರೀರಿ, ನೀವಿರೋ ಕಲಬುರಗಿ ಅಲ್ಲ. ಹೊಟ್ಟಿ ಕೆಳಗಿನ ರೆಕ್ಕೆ ಹತ್ರ ಎರಡು ಕ್ಲಾಸ್ಪರ್ (ಗಂಡು ಶಾರ್ಕ್‌ನ ಸಂತಾನದ ಅಂಗ) ಕಂಡ್ರಷ್ಟೇ ಗಂಡು ಅನ್ರಿ. ಇಷ್ಟಾದ್ರೂ ಹೊಂದದಿದ್ರ ಹೊಸ ಮೀನೇ ಇರಬಹುದು, ಫೋಟೊ ನೋಡದೆ ಖಾತ್ರಿ ಹೇಳಾಕ ಬರಂಗಿಲ್ಲ. ದಾಖಲೆ ಅಳಿಸಬ್ಯಾಡ್ರಿ.