ಮಗಳು ಹ್ಯಾಕಥಾನ್‌ಗೆ ಹೋಗ್ತಾಳಂತೆ, ಹ್ಯಾಕಿಂಗ್ ಅಪರಾಧ ಅಲ್ವಾ?

ಧೈರ್ಯವಾಗಿ ಕಳಿಸಿ, ಹ್ಯಾಕಥಾನ್ ಅಂದರೆ ಕಂಪ್ಯೂಟರ್ ಮಂದಿ ಸೇರಿ ಹೊಸದೇನಾದರೂ ಕಟ್ಟುವ ಕೂಟ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ನಮ್ಮಪ್ಪನೂ ಹಿಂದೆ ಇದನ್ನೇ ಕೇಳಿದ್ದರು. ಟಿವಿಯವರ ಪಾಲಿಗೆ ಹ್ಯಾಕರ್ ಅಂದರೆ ಬ್ಯಾಂಕ್ ಖಾತೆಗೆ ಕನ್ನ ಹಾಕುವವನು, ಅಷ್ಟೇ. ಆದರೆ ಕಂಪ್ಯೂಟರ್ ಮಂದಿಯ ಬಾಯಲ್ಲಿ ಇದು ಮೊದಲು ಹೊಗಳಿಕೆಯ ಮಾತಾಗಿತ್ತು.

ಅಮೆರಿಕದ ಎಂಐಟಿ ಅನ್ನುವ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪುಟ್ಟ ರೈಲುಗಳ ಮಾದರಿ ಕಟ್ಟುವ ವಿದ್ಯಾರ್ಥಿಗಳ ಕ್ಲಬ್ ಒಂದಿತ್ತು. 1955ರಲ್ಲಿ ಅವರ ಸಭೆಯ ಟಿಪ್ಪಣಿಯಲ್ಲಿ ಹೀಗೊಂದು ಕೋರಿಕೆ ಇದೆ: ವೈರಿಂಗ್ ಮೇಲೆ 'ಹ್ಯಾಕ್' ಮಾಡುವವರು ಮೊದಲು ಕರೆಂಟ್ ಆಫ್ ಮಾಡಿ, ಇಲ್ಲದಿದ್ದರೆ ಫ್ಯೂಸ್ ಹೋಗುತ್ತದೆ. ಬಿಚ್ಚುವುದು, ಜೋಡಿಸುವುದು, ಒಳಗೆ ಏನಿದೆ ಅಂತ ಕೈಯಾಡಿಸಿ ನೋಡುವುದು. ಅದೇ ಹ್ಯಾಕಿಂಗ್. ಆ ಹುಡುಗರೇ ಮುಂದೆ ಅಲ್ಲಿನ ಕಂಪ್ಯೂಟರ್‌ಗಳ ಮುಂದೆ ಕೂತರು, ಪದವೂ ಜೊತೆಗೆ ಬಂತು. ಎಂಐಟಿಯಲ್ಲಿ ಜಾಣ ಕೀಟಲೆಗೂ ಹ್ಯಾಕ್ ಅಂತಲೇ ಹೆಸರು. 1994ರಲ್ಲಿ ಅಲ್ಲಿನ ದೊಡ್ಡ ಗುಮ್ಮಟದ ಮೇಲೆ ಪೊಲೀಸ್ ಕಾರಿನಂಥದ್ದೊಂದು ಬೆಳಗಾಗುವಷ್ಟರಲ್ಲಿ ನಿಂತಿತ್ತು!

ಹ್ಯಾಕರ್ ಅನ್ನುವ ಹೆಸರು ಕೆಟ್ಟಿದ್ದು ಆ ರೈಲು ಕ್ಲಬ್ಬಿನ ಕಾಲ ಕಳೆದು ಎಷ್ಟೋ ವರ್ಷಗಳ ಮೇಲೆ. 1983ರಲ್ಲಿ ಅಮೆರಿಕದ ಮಿಲ್ವಾಕಿ ನಗರದ ಕೆಲವು ಹುಡುಗರು ಲಾಸ್ ಅಲಾಮೋಸ್ ಅಣು ಪ್ರಯೋಗಾಲಯದ ಕಂಪ್ಯೂಟರ್‌ಗೂ ನುಗ್ಗಿದ್ದರು. ಪತ್ರಿಕೆಗಳು ಅವರನ್ನು ಹ್ಯಾಕರ್‌ಗಳು ಅಂದವು. ಹಳಬರಿಗೆ ಇದು ನೋವಾಯಿತು. ನುಗ್ಗುವವರನ್ನು 'ಕ್ರ್ಯಾಕರ್' ಅನ್ನಿ ಅಂತ ಎಷ್ಟೋ ಕೇಳಿಕೊಂಡರು, ಜನ ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ದೇಶದ 2000ದ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ನೇ ಸೆಕ್ಷನ್ನಿನ ತಲೆಬರಹದಲ್ಲೇ 'ಹ್ಯಾಕಿಂಗ್' ಇತ್ತು. 2008ರ ತಿದ್ದುಪಡಿಯಲ್ಲಿ ಆ ಪದ ಹೋಯಿತು. ಈಗ ಅಲ್ಲಿ ನೋಡುವುದು ಕಂಪ್ಯೂಟರಿನ ಒಡೆಯನ ಅನುಮತಿ ಇತ್ತೇ, ಮೋಸದ ಉದ್ದೇಶ ಇತ್ತೇ ಅನ್ನುವುದನ್ನು. ನನಗೆ ಇದು ತುಂಬಾ ಸರಿ ಅನ್ನಿಸುತ್ತದೆ.

ಆಫೀಸಿನಲ್ಲಿ ನಾವು "ಸದ್ಯಕ್ಕೆ ಒಂದು ಹ್ಯಾಕ್ ಹಾಕಿದ್ದೀನಿ" ಅಂದರೆ ಅದು ತೇಪೆ, ಆಮೇಲೆ ಸರಿಯಾಗಿ ಹೊಲಿಯಬೇಕು. ಇನ್ನು ನೆಂಟರು "ವಾಟ್ಸಾಪ್ ಹ್ಯಾಕ್ ಆಯ್ತು" ಅಂದಾಗ ಹೆಚ್ಚಿನ ಸಲ ಯಾರಿಗೋ ಓಟಿಪಿ ಹೇಳಿರುತ್ತಾರೆ. ಹಾಗಾಗಿ ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಡೆದದ್ದನ್ನು ನಡೆದ ಹಾಗೇ ಹೇಳಿ. ಸುಮ್ನೆ 'ಹ್ಯಾಕ್' ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ.

ಹ್ಯಾಕಥಾನ್‌ನಲ್ಲಿರುವುದು ಆ ಹಳೆಯ, ರೈಲು ಕ್ಲಬ್ಬಿನ ಅರ್ಥ. ನಾಲ್ಕೈದು ಜನ ಸೇರಿ ಒಂದೆರಡು ದಿನದಲ್ಲಿ ಏನಾದರೂ ಕಟ್ಟಿ ತೋರಿಸಬೇಕು. ಎಷ್ಟೋ ಕಡೆ ರಾತ್ರಿಯೆಲ್ಲಾ ನಡೆಯುತ್ತದೆ. ನೀವು ಕೇಳಬೇಕಾದ್ದು ಇಷ್ಟೇ: ಊಟ, ಮಲಗುವ ವ್ಯವಸ್ಥೆ ಅಲ್ಲೇ ಇದೆಯಾ, ಜೊತೆಗೆ ಯಾರು ಹೋಗುತ್ತಿದ್ದಾರೆ.