ಪಕ್ಕದ ಮನೆಯ ಉಕ್ರೇನಿಯನ್ ಅಜ್ಜಿ ಮಗುವಿಗೆ ಮೇಣ ಹುಯ್ಯುತ್ತೇನೆ ಅಂದರೆ ಒಪ್ಪಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಕೆನಡಾದ ಎಡ್ಮಂಟನ್‌ಗೆ ಹೊಸದಾಗಿ ಬಂದಿದ್ದೀರಿ. ಮಗಳು ನಾಯಿಗೆ ಹೆದರಿಕೊಂಡ ಮೇಲೆ ರಾತ್ರಿ ಬೆಚ್ಚಿಬಿದ್ದು ಅಳುತ್ತಾಳೆ. ಪಕ್ಕದ ಮನೆಯ ಉಕ್ರೇನಿಯನ್ ಅಜ್ಜಿ, ಮೇಣ ಹುಯ್ದು ಭಯ ತೆಗೆಯುತ್ತೇನೆ ಅಂದಿದ್ದಾರೆ. ಇದು ಮಾಟವಾ, ಅವರ ಧರ್ಮದ ಭಾಗವಾ, ಮಗುವನ್ನು ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ.

ಮಾಟ ಅಲ್ಲ. ಮಾಡುವವರ ಮನಸ್ಸಿನಲ್ಲಿ ಅದು ಪ್ರಾರ್ಥನೆ. ಡಾಕ್ಟರಿಗೂ ತೋರಿಸುತ್ತೀರಿ ಅಂದರೆ ಧಾರಾಳವಾಗಿ ಹೋಗಿ. ನಾನು ಇದೇ ಆಲ್ಬರ್ಟಾ ಪ್ರಾಂತ್ಯದಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಎಡ್ಮಂಟನ್‌ನ ಪೂರ್ವಕ್ಕಿರುವ ಊರುಗಳಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡಿದ್ದೇನೆ. ಈ ಅಜ್ಜಿಯರನ್ನು ಹತ್ತಿರದಿಂದ ಬಲ್ಲೆ. ಅವರ ಅಡುಗೆಮನೆಯಲ್ಲಿ ನಡೆಯುವುದನ್ನು ಅವರ ಚರ್ಚಿನಿಂದ ಬೇರೆ ಮಾಡಿ ನೋಡಿದರೆ ಏನೂ ಅರ್ಥ ಆಗುವುದಿಲ್ಲ.

ಕ್ರಮ ಹೀಗಿರುತ್ತದೆ. ಜೇನುಮೇಣವನ್ನು ಒಲೆಯ ಮೇಲೆ ಕರಗಿಸುತ್ತಾರೆ. ಹೆದರಿದವರನ್ನು ಕುರ್ಚಿಯ ಮೇಲೆ ಕೂರಿಸುತ್ತಾರೆ. ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡು ಪ್ರಾರ್ಥನೆ ಶುರು ಮಾಡುತ್ತಾರೆ. ತಣ್ಣೀರಿನ ಬಟ್ಟಲನ್ನು ತಲೆಯ ಮೇಲೆ ಹಿಡಿದು ಅದಕ್ಕೆ ಮೇಣ ಸುರಿಯುತ್ತಾರೆ. ಜೊತೆಗೆ ಪಿಸುದನಿಯಲ್ಲಿ ಮಾತುಗಳು: ಭಯವೇ, ತಲೆಯಿಂದ ಹೋಗು, ಕಣ್ಣಿನಿಂದ ಹೋಗು, ಎಲುಬಿನಿಂದ ಹೋಗು, ಕೋಳಿ ಕೂಗದ, ಮನುಷ್ಯರು ನಡೆಯದ ಜಾಗಕ್ಕೆ ಹೋಗು ಅನ್ನುವ ಧಾಟಿ. ಗುಣ ಮಾಡುವುದು ತಾನಲ್ಲ, ದೇವರು ಮತ್ತು ದೇವಮಾತೆ (ಯೇಸುವಿನ ತಾಯಿ ಮರಿಯಾ) ಅಂತಲೂ ಹೇಳಿಕೊಳ್ಳುತ್ತಾರೆ. ನೀರಿನಲ್ಲಿ ಗಟ್ಟಿಯಾದ ಮೇಣವನ್ನು ತಿರುಗಿಸಿ ಅಡಿಭಾಗ ನೋಡುತ್ತಾರೆ. ಅಲ್ಲಿ ಉಬ್ಬು, ಮುಳ್ಳು, ಒಮ್ಮೊಮ್ಮೆ ಹೆದರಿಸಿದ ಪ್ರಾಣಿಯ ಆಕಾರವೇ ಕಾಣುತ್ತದೆ ಅನ್ನುತ್ತಾರೆ. ಮತ್ತೆ ಕರಗಿಸಿ ಮತ್ತೆ ಸುರಿಯುತ್ತಾರೆ. ಸಾಮಾನ್ಯವಾಗಿ ಮೂರು ಸಲ. ಮೇಣ ನುಣುಪಾಗುತ್ತಾ ಬಂದರೆ ಭಯ ಇಳಿಯುತ್ತಿದೆ ಅಂತ ಲೆಕ್ಕ. ಕೆಲವರು ಆ ನೀರನ್ನು ಮೂರು ಗುಟುಕು ಕುಡಿಸುತ್ತಾರೆ. ಉಳಿದದ್ದನ್ನು ಯಾರೂ ತುಳಿಯದ ಕಡೆ ಚೆಲ್ಲುತ್ತಾರೆ. ನಿದ್ದೆ ಬಾರದವರಿಗೆ, ತೊದಲುವ ಮಕ್ಕಳಿಗೆ, ಹಾಸಿಗೆ ಒದ್ದೆ ಮಾಡುವ ಮಕ್ಕಳಿಗೂ ಇದನ್ನೇ ಮಾಡುತ್ತಿದ್ದರು. ನಮ್ಮಲ್ಲಿ ಉಪ್ಪು, ಮೆಣಸಿನಕಾಯಿ ನೀವಾಳಿಸಿ ದೃಷ್ಟಿ ತೆಗೆಯುತ್ತಾರಲ್ವಾ, ಅದನ್ನು ನೋಡಿ ಬೆಳೆದವರಿಗೆ ಇದು ಪರಕೀಯ ಅನ್ನಿಸುವುದೇ ಇಲ್ಲ.

ಇದು ಇಲ್ಲಿ ಇಷ್ಟು ಗಟ್ಟಿಯಾಗಿ ಉಳಿದದ್ದಕ್ಕೆ ಕಾರಣ ಇದೆ. 1891ರಲ್ಲಿ ಈಗಿನ ಪಶ್ಚಿಮ ಉಕ್ರೇನಿನ ಕಡೆಯ ಗಲೀಷಿಯಾ ಪ್ರಾಂತ್ಯದ ನೆಬಿಲಿವ್ ಹಳ್ಳಿಯಿಂದ ಇವಾನ್ ಪಿಲಿಪಿವ್, ವಸಿಲ್ ಎಲೆನಿಯಾಕ್ ಅನ್ನುವ ಇಬ್ಬರು ರೈತರು ಕೆನಡಾಕ್ಕೆ ಬಂದರು. ಅವರ ಹಿಂದೆ 1914ರ ಹೊತ್ತಿಗೆ ಸುಮಾರು 1,70,000 ಜನ ಬಂದರು. ಹೆಚ್ಚಿನವರು ಗಲೀಷಿಯಾ ಮತ್ತು ಅದರ ಪಕ್ಕದ ಬುಕೊವಿನಾ ಪ್ರಾಂತ್ಯದ ರೈತರು. ಎಡ್ಮಂಟನ್‌ನ ಪೂರ್ವಕ್ಕೆ ಎಡ್ನಾ-ಸ್ಟಾರ್ ಅನ್ನುವ ಕಡೆ ಮೊದಲ ದೊಡ್ಡ ನೆಲೆ ಆಯಿತು. ಡಾಕ್ಟರ್ ದೂರ, ದುಡ್ಡು ಇಲ್ಲ, ಭಾಷೆ ಬಾರದು. ಪಾದ್ರಿಗಳೂ ಇಲ್ಲ. ಗಲೀಷಿಯಾದವರು ಗ್ರೀಕ್ ಕ್ಯಾಥೊಲಿಕರು, ಅಂದರೆ ಪೋಪನ್ನು ಒಪ್ಪಿದರೂ ಪೂಜೆಗೆ ಪೂರ್ವದ ಚರ್ಚಿನ ವಿಧಿ ಪಾಲಿಸುವವರು. ಅವರ ಪಾದ್ರಿಗಳಲ್ಲಿ ಬಹುತೇಕರು ಸಂಸಾರಸ್ಥರು. ಮದುವೆಯಾದ ಪಾದ್ರಿ ಉತ್ತರ ಅಮೆರಿಕದಲ್ಲಿ ಸೇವೆ ಮಾಡಬಾರದು ಅಂತ 1890ರ ದಶಕದಲ್ಲಿ ರೋಮ್ ಕಟ್ಟುನಿಟ್ಟು ಮಾಡಿತ್ತು. ನೆಸ್ಟರ್ ದ್ಮಿತ್ರಿವ್ ಅನ್ನುವ ಪಾದ್ರಿ 1897ರಲ್ಲಿ ಬಂದು ಪೂಜೆ ನಡೆಸಿದಾಗಲೇ ಈ ಜನಕ್ಕೆ ಇಲ್ಲಿ ತಮ್ಮ ವಿಧಿಯ ಮೊದಲ ಪೂಜೆ ಸಿಕ್ಕಿದ್ದು. ಅವರದೇ ಬಿಷಪ್ ನಿಕಿತಾ ಬುದ್ಕಾ ಬಂದದ್ದು 1912ರಲ್ಲಿ. ಅಷ್ಟು ವರ್ಷ ಕಾಯಿಲೆ, ಹೆರಿಗೆ, ಸಾವು ಎಲ್ಲದರ ಮುಂದೆ ನಿಂತವರು ಮನೆಯ ಹೆಂಗಸರು. ನಿಮ್ಮ ನೆರೆಮನೆಯವರಿಗೂ ಈ ವಿದ್ಯೆ ಅವರ ಅಮ್ಮನಿಂದಲೋ ಅಜ್ಜಿಯಿಂದಲೋ ಬಂದಿರುತ್ತದೆ.

ಇನ್ನು ಧರ್ಮದ ವಿಷಯ. ಚರ್ಚಿನಲ್ಲಿ ಆಶೀರ್ವಾದ ಆದ ವಸ್ತು ಮನೆಗೆ ಬಂದು ಮದ್ದಾಗುತ್ತದೆ. ಜನವರಿಯಲ್ಲಿ ಯೋರ್ದಾನ್ ಹಬ್ಬ, ಅಂದರೆ ಯೇಸುವಿನ ದೀಕ್ಷಾಸ್ನಾನದ ದಿನ. ಹಳೆಯ ಕ್ಯಾಲೆಂಡರ್ ಇಟ್ಟುಕೊಂಡವರಿಗೆ 19ಕ್ಕೆ, ಹೊಸದು ಪಾಲಿಸುವವರಿಗೆ 6ಕ್ಕೆ. ಕೊರೆಯುವ ಚಳಿಯಲ್ಲಿ ನೀರು ಆಶೀರ್ವದಿಸುತ್ತಾರೆ. ಕೆಲವು ಕಡೆ ಮಂಜುಗಡ್ಡೆಯಲ್ಲೇ ಶಿಲುಬೆ ಕಡಿದು ನಿಲ್ಲಿಸುತ್ತಾರೆ. ಜನ ಬಾಟಲಿಗಳಲ್ಲಿ ಆ ನೀರು ತಂದು ವರ್ಷವಿಡೀ ಇಡುತ್ತಾರೆ. ಜ್ವರ ಬಂದರೆ ಒಂದು ಗುಟುಕು. ಫೆಬ್ರವರಿಯಲ್ಲಿ ಆಶೀರ್ವಾದ ಆದ ಮೇಣದ ಬತ್ತಿಯನ್ನು ಗುಡುಗು ಸಿಡಿಲಿನ ಹೊತ್ತಲ್ಲಿ, ಸಾಯುವವರ ಪಕ್ಕದಲ್ಲಿ ಹಚ್ಚುತ್ತಾರೆ. ಈಸ್ಟರಿಗೆ ವಾರ ಮುಂಚೆ ಮೃದುವಾದ ಮೊಗ್ಗಿರುವ ವಿಲ್ಲೋ ಕಡ್ಡಿಗಳನ್ನು ತಂದು ಒಬ್ಬರನ್ನೊಬ್ಬರು ಮೆಲ್ಲಗೆ ತಟ್ಟುತ್ತಾರೆ, ಆರೋಗ್ಯ ಬರಲಿ ಅಂತ. ಆಗಸ್ಟಿನಲ್ಲಿ ದೇವಮಾತೆಯ ಹಬ್ಬಕ್ಕೆ ಹೂವು, ಗಿಡಮೂಲಿಕೆ. ಇವೆಲ್ಲ ಪಾದ್ರಿಯ ಕೈಯಿಂದಲೇ ಬಂದವು. ಅಜ್ಜಿಯ ಬಟ್ಟಲಿನ ನೀರೂ ಯೋರ್ದಾನ್ ನೀರೇ ಆಗಿರಬಹುದು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈಸ್ಟರ್ ಆದ ಮೇಲಿನ ಸಮಾಧಿ ಪೂಜೆ. ಹಳ್ಳಿ ಸ್ಮಶಾನಕ್ಕೆ ಎಲ್ಲೆಲ್ಲಿಂದಲೋ ಮಕ್ಕಳು ಮೊಮ್ಮಕ್ಕಳು ಬರುತ್ತಾರೆ. ಪಾದ್ರಿ ಒಂದೊಂದೇ ಸಮಾಧಿಯ ಹತ್ತಿರ ನಿಂತು ಹೆಸರು ಹಿಡಿದು ಪ್ರಾರ್ಥಿಸಿ ನೀರು ಚಿಮುಕಿಸುತ್ತಾರೆ. ಆಮೇಲೆ ಎಲ್ಲರೂ ಒಟ್ಟಿಗೆ ಊಟ. ಊರಲ್ಲಿ ಒಂದು ಮನೆಯೂ ಉಳಿದಿಲ್ಲದ ಕಡೆ ಸಹ ಇದು ನಡೆಯುತ್ತದೆ. ಅಜ್ಜಿ ಕರೆದರೆ ತಪ್ಪದೆ ಹೋಗಿ.

ಮೇಣದ ಬಗ್ಗೆ ಪಾದ್ರಿಗಳಲ್ಲಿ ಒಮ್ಮತ ಇಲ್ಲ. ಕೆಲವರು ಮೂಢನಂಬಿಕೆ ಅಂತ ಬೈಯುತ್ತಾರೆ. ಕೆಲವರು ಸುಮ್ನೆ ಇರುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಹೆದರಿದ ಮಗುವಿನ ಮುಂದೆ ದೊಡ್ಡವರೊಬ್ಬರು ಅವಸರವಿಲ್ಲದೆ ಕೂತು, ನಿನ್ನ ಭಯವನ್ನು ತೆಗೆದೆ, ನೋಡು ಇಲ್ಲಿದೆ ಅಂತ ಕೈಯಲ್ಲಿ ತೋರಿಸುವುದು ಸಣ್ಣ ವಿಷಯವಲ್ಲ. ಆದರೆ ಮೇಣ ಕಾಯಿಲೆ ವಾಸಿ ಮಾಡುತ್ತದೆ ಅಂತ ನಾನು ಹೇಳುವುದಿಲ್ಲ.

ಹೋಗುವ ಮುಂಚೆ ಕೆಲವು ಮಾತು. ಬಿಸಿ ಮೇಣ ಮಗುವಿನ ತಲೆಯ ಮೇಲೇ ಬರುತ್ತದೆ. ಅಜ್ಜಿಯ ಕೈ ನಡುಗುತ್ತಿದ್ದರೆ ಬಟ್ಟಲನ್ನು ಪಕ್ಕದ ಮೇಜಿನ ಮೇಲಿಟ್ಟು ಸುರಿಯಿರಿ ಅಂತ ಕೇಳಿ. ಆ ನೀರು ಕುಡಿಸುವುದು ಬೇಡ ಅನ್ನಿಸಿದರೆ ಮೊದಲೇ ಹೇಳಿಬಿಡಿ. ಕೇಳದೆ ವಿಡಿಯೋ ಮಾಡಬೇಡಿ. ಕೈಯಲ್ಲಿ ದುಡ್ಡು ತುರುಕುವುದಕ್ಕಿಂತ ಮನೆಯಲ್ಲಿ ಮಾಡಿದ ಏನಾದರೂ ತಿಂಡಿ ಒಯ್ಯಿರಿ. ರೇಟು ಹೇಳುವವರು, ಡಾಕ್ಟರ ಔಷಧಿ ನಿಲ್ಲಿಸಿ ಅನ್ನುವವರು ಎಲ್ಲಾದರೂ ಸಿಕ್ಕಿದರೆ ಎದ್ದು ಬನ್ನಿ. ಮೇಣ ಹುಯ್ಸಿದ ಮೇಲೂ ರಾತ್ರಿ ಅಳು ನಿಲ್ಲದಿದ್ದರೆ, ಮಾತು ತೊದಲಲು ಶುರುವಾದರೆ, ಇನ್ನೊಂದು ಸಲ ಹುಯ್ಸೋಣ ಅಂತ ಕಾಯದೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ.