ಟಿಎಲ್‌ಡಿ ಮಾತ್ರೆ ಜೊತೆ ಐರನ್, ಜೆಲುಸಿಲ್ ತಗೋಬಹುದಾ?

ನೀವು ಕೇಳಿರುವುದು ಇಷ್ಟು: ತಮ್ಮನಿಗೆ ಎಆರ್‌ಟಿ ಸೆಂಟರಿನಲ್ಲಿ (ಎಚ್‌ಐವಿ ಚಿಕಿತ್ಸಾ ಕೇಂದ್ರ) ರಾತ್ರಿಗೊಂದು ಟಿಎಲ್‌ಡಿ, ಅಂದರೆ ಮೂರು ಎಚ್‌ಐವಿ ಔಷಧಿಗಳು ಸೇರಿದ ಮಾತ್ರೆ, ಕೊಟ್ಟಿದ್ದಾರೆ. ರಕ್ತ ಕಡಿಮೆಯೆಂದು ಐರನ್ ಮಾತ್ರೆಯೂ ಇದೆ, ಎದೆಯುರಿಗೆ ಆಗಾಗ ಜೆಲುಸಿಲ್ ಕುಡಿಯುತ್ತಾನೆ. ಊಟವಾದ ಮೇಲೆ ಮೂರನ್ನೂ ಒಟ್ಟಿಗೆ ಮುಗಿಸಬಹುದಾ? ಒಂದು ದಿನ ಮರೆತರೆ?

ಊಟದ ಜೊತೆಗಾದರೆ ಐರನ್ ಪರವಾಗಿಲ್ಲ. ಜೆಲುಸಿಲ್ ಮಾತ್ರ ಬೇಡ.

ಟಿಎಲ್‌ಡಿಯಲ್ಲಿ ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿ.ಗ್ರಾಂ ಇರುತ್ತವೆ. ತಕರಾರು ಇರುವುದು ಮೂರನೆಯದರಲ್ಲಿ. ಎಚ್‌ಐವಿ ವೈರಸ್ ತನ್ನ ಡಿಎನ್‌ಎಯನ್ನು ನಮ್ಮ ಜೀವಕೋಶದ ಡಿಎನ್‌ಎಗೆ ಸೇರಿಸಲು ಇಂಟಿಗ್ರೇಸ್ ಎಂಬ ಕಿಣ್ವ ಬೇಕು. ಆ ಕಿಣ್ವ ಕೆಲಸ ಮಾಡುವ ಜಾಗದಲ್ಲೇ ಮೆಗ್ನೀಸಿಯಂ ಅಯಾನುಗಳಿವೆ. ಡೊಲುಟೆಗ್ರಾವಿರ್ ಅವನ್ನು ಕಚ್ಚಿ ಹಿಡಿದು ಕಿಣ್ವವನ್ನು ನಿಲ್ಲಿಸುತ್ತದೆ. ಲೋಹ ಸಿಕ್ಕರೆ ಹಿಡಿದುಕೊಳ್ಳುವ ಇದೇ ಗುಣ ಹೊಟ್ಟೆಯಲ್ಲಿ ಮುಳುವಾಗುತ್ತದೆ. ಜೆಲುಸಿಲ್‌ನ ಮೆಗ್ನೀಸಿಯಂ, ಅಲ್ಯೂಮಿನಿಯಂ ಅಲ್ಲೇ ಅಂಟಿಕೊಂಡು ಔಷಧಿ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಮಾತ್ರೆ ಎಣಿಸಿದರೆ ಲೆಕ್ಕ ಸರಿ, ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಮಾತ್ರ ಇಳಿಯದೇ ಇರಬಹುದು.

ಟಿಎಲ್‌ಡಿ ನುಂಗುವ ಹಿಂದಿನ 6 ಗಂಟೆ, ನುಂಗಿದ ಮೇಲಿನ 2 ಗಂಟೆ ಜೆಲುಸಿಲ್ ಇರಬಾರದು. ರಾತ್ರಿ 9ಕ್ಕೆ ಮಾತ್ರೆಯೆಂದರೆ ಮಧ್ಯಾಹ್ನ 3ರಿಂದ ರಾತ್ರಿ 11ರವರೆಗೆ ಅದನ್ನು ಮುಟ್ಟುವಂತಿಲ್ಲ. ಎದೆಯುರಿ ಬರುವುದೇ ಆ ಹೊತ್ತಿನಲ್ಲಿ! ಹಾಗಾಗಿ ಟಿಎಲ್‌ಡಿಯನ್ನು ಬೆಳಿಗ್ಗೆಗೆ ಬದಲಿಸುವುದೇ ವಾಸಿ. ಕೆಲವರಿಗೆ ಇದರಿಂದ ನಿದ್ದೆ ಕೆಡುವುದೂ ತಪ್ಪುತ್ತದೆ. ಹೇಗೆ ಬದಲಿಸಬೇಕೆಂದು ಸೆಂಟರಿನಲ್ಲಿ ಕೇಳಿ. ಎದೆಯುರಿಗೇ ಕೊಡುವ ಪ್ಯಾಂಟೊಪ್ರಜೋಲ್ ಮಾತ್ರೆಗೆ ಈ ತಕರಾರಿಲ್ಲ. ಐರನ್, ಕ್ಯಾಲ್ಸಿಯಂ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ಟಿಎಲ್‌ಡಿ ಜೊತೆ ಕೊಡಬೇಡಿ. ಬೇರೆ ಹೊತ್ತಿಗೇ ಕೊಟ್ಟರೆ ತಲೆನೋವೇ ಇಲ್ಲ.

ಮರೆತರೆ ನೆನಪಾದ ತಕ್ಷಣ ನುಂಗಲಿ. ಮುಂದಿನ ಮಾತ್ರೆಗೆ 4 ಗಂಟೆಯೂ ಉಳಿದಿಲ್ಲವೆಂದರೆ ಬಿಟ್ಟುಬಿಡಲಿ, ಮರುದಿನ ಎರಡು ನುಂಗುವುದು ಬೇಡ. ತಿಂಗಳ 30 ಮಾತ್ರೆಗಳಲ್ಲಿ ಒಂದು ತಪ್ಪಿದರೆ ನುಂಗಿದ ಪ್ರಮಾಣ ಶೇ. 96 ದಾಟುತ್ತದೆ, ಎರಡು ತಪ್ಪಿದರೆ ಶೇ. 93ಕ್ಕೆ ಇಳಿಯುತ್ತದೆ. ಸೆಂಟರಿನವರು ಕೇಳುವುದು ಶೇ. 95ಕ್ಕಿಂತ ಮೇಲೆ.

ಹೆಪಟೈಟಿಸ್ ಬಿ ಕೂಡ ಇದ್ದರೆ ತಾವೇ ನಿಲ್ಲಿಸುವುದು ಇನ್ನೂ ಅಪಾಯ. ಟೆನೊಫೊವಿರ್, ಲ್ಯಾಮಿವುಡಿನ್ ಆ ವೈರಸ್ಸನ್ನೂ ಅದುಮಿಟ್ಟಿರುತ್ತವೆ; ಬಿಟ್ಟರೆ ಅದು ಮತ್ತೆ ಎದ್ದು ಲಿವರ್ ಊದಿಕೊಳ್ಳಬಹುದು.

ಬೇರೆ ಕಡೆ ಟಿಬಿ ಚಿಕಿತ್ಸೆ ಶುರುವಾದರೆ ಎಆರ್‌ಟಿ ಸೆಂಟರಿಗೆ ಅಂದೇ ತಿಳಿಸಿ. ಟಿಬಿ ಔಷಧಿ ರಿಫಾಂಪಿಸಿನ್ ರಕ್ತದಲ್ಲಿ ಡೊಲುಟೆಗ್ರಾವಿರ್ ಮಟ್ಟ ಇಳಿಸುತ್ತದೆ, ಅದಕ್ಕೆ 12 ಗಂಟೆ ಬಿಟ್ಟು ಇನ್ನೊಂದು 50 ಮಿ.ಗ್ರಾಂ ಬೇಕಾಗುತ್ತದೆ.

ಇನ್ನೊಂದು. ಮನೆಯವರಿಗೆ ಗೊತ್ತಾಗಬಾರದೆಂದು ಮಾತ್ರೆಯನ್ನು ಪೇಪರಿನಲ್ಲಿ ಸುತ್ತಿ ಇಡುವವರಿದ್ದಾರೆ. ಮಳೆಗಾಲದಲ್ಲಿ ತೇವ ಹಿಡಿಯುತ್ತದೆ. ಲೇಬಲ್ ಬೇಕಾದರೆ ಕಿತ್ತುಹಾಕಲಿ, ಡಬ್ಬಿ ಅದೇ ಇರಲಿ, ಒಳಗಿನ ತೇವ ಹೀರುವ ಪುಟ್ಟ ಪೊಟ್ಟಣವೂ ಇರಲಿ.